ಗಂಟೆ ಇಲ್ಲದ ಸೈಕಲ್ಲು

ಪುಣೆ, ಸದಾಶಿವ ಪೇಟೆ
ಮಂಗಳವಾರ, ೧೯ ನವೆಂಬರ್ ೧೯೪೬

ಬಸ್ರಾದಲ್ಲಿರುವ ನಮ್ಮ ಮನೆಯವರಿಗೆ, ಅಂಬಾ ಇಲ್ಲಿಂದಲೇ ಬಾಗಿ ಮಾಡುವ ನಮಸ್ಕಾರ.

ನಿಮ್ಮ ಆರೋಗ್ಯ ಹೇಗಿದೆ? ಹೋದ ಪತ್ರದಲ್ಲಿ ಜ್ವರ ಬಂದು ಹೋಯಿತು ಎಂದು ಒಂದೇ ಸಾಲು ಬರೆದು ಮುಂದಿನ ಸುದ್ದಿಗೆ ಹೋಗಿದ್ದೀರಿ. ಅತ್ತೆಯವರು ಆ ಸಾಲನ್ನೇ ನನ್ನಿಂದ ಮತ್ತೆ ಮತ್ತೆ ಓದಿಸಿದರು, ಓದುತ್ತ ಹೋದರೆ ಅದರ ಕೆಳಗೆ ಇನ್ನೊಂದು ಸಾಲು ಹುಟ್ಟೀತು ಎನ್ನುವ ಹಾಗೆ. ಖರ್ಜೂರ ಉಷ್ಣ, ಅಲ್ಲಿ ಬೇಕಾದಷ್ಟು ಸಿಗುತ್ತದೆ ಎಂದು ಕಂಡಲ್ಲೆಲ್ಲ ಬಾಯಿಗೆ ಹಾಕಿಕೊಳ್ಳಬಾರದು ಎಂದು ಬರೆಯಲು ಹೇಳಿದರು, ಬರೆದಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ. ಮಾವನವರ ಕೆಮ್ಮು ದೀಪಾವಳಿಯ ಎಣ್ಣೆಸ್ನಾನದ ನಂತರ ಒಂದು ವಾರ ಕಾಡಿ ಈಗ ಇಳಿದಿದೆ. ನಿಮ್ಮ ತಂಗಿ ಇಂದೂ ಮ್ಯಾಟ್ರಿಕ್ಕಿನ ಅಭ್ಯಾಸ ಎಂದು ಮಾಳಿಗೆ ಹತ್ತಿ ಕೂತು ಪಕ್ಕದ ವಾಡೆಯ ಗ್ರಾಮಫೋನು ಕೇಳುತ್ತಾಳೆ. ಇಷ್ಟು ದಿನ ಅವಳು ಬರೆದ ಪತ್ರದ ಕೆಳಗೆ ನನ್ನದೊಂದು ಸಾಲು ಇರುತ್ತಿತ್ತು. ಈ ಸಲ ಪೂರಾ ಪತ್ರ ನನ್ನದೇ. ಗದಗಿನ ಕನ್ನಡ ಸಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತವಳು, ತಪ್ಪು ಕಂಡರೆ ಅಲ್ಲಿ ನಿಮ್ಮ ಗೆಳೆಯರಿಗೆ ತೋರಿಸಿ ನಗಬೇಡಿ. ಲಕೋಟೆಯ ಮೇಲೆ ನಿಮ್ಮ ಹೆಸರನ್ನು ಮಾತ್ರ ಇಂದೂನೇ ಬರೆಯಬೇಕು. ಅದು ನನ್ನ ಕೈಯಿಂದ ಹೇಗೆ ಆದೀತು?

ನಿಮ್ಮ ಹಡಗು ಡಿಸೆಂಬರ್ ಹದಿನೈದನೇ ತಾರೀಕು, ಭಾನುವಾರ ಮಧ್ಯಾಹ್ನ, ಮುಂಬಯಿ ಬಂದರಿಗೆ ಬರುತ್ತದೆ ಎಂದು ಬರೆದ ಪತ್ರ ಬಂದ ದಿನ ಮನೆಯಲ್ಲಿ ಹೋಳಿಗೆ ಆಯಿತು. ರೇಶನ್ನಿನ ಬೆಲ್ಲ ಸಾಲದೆ ಕೆಳಗಿನ ಮನೆಯ ರಂಗೂಬಾಯಿಯವರಿಂದ ಕೇಳಿ ತಂದೆವು. ಎರಡೂವರೆ ವರ್ಷದ ನಂತರ ಮಗ ಬರುತ್ತಾನೆ ಎಂದು ಅತ್ತೆಯವರು ಅಂದೇ ಆರತಿ ತಟ್ಟೆ ಹುಣಸೆಹಣ್ಣು ಹಚ್ಚಿ ಬೆಳಗಿದರು. ನಾನೂ ಸಂತೋಷಪಟ್ಟೆ. ಆದರೆ ಒಂದು ಮಾತಿದೆ. ಅದೇ ಹದಿನೈದನೇ ತಾರೀಕು, ಅದೇ ಮುಂಬಯಿಯಲ್ಲಿ, ಪ್ರಾಂತದ ಎಲ್ಲ ಊರುಗಳವರು ಸೇರುವ ಸೈಕಲ್ ರೇಸು ಇದೆ. ಹೆಂಗಸರದೂ ಇದೆ. ಪುಣೆಯಿಂದ ಒಬ್ಬ ಹೆಂಗಸನ್ನು ಕಳಿಸುತ್ತಾರೆ. ಆ ಒಬ್ಬಳು ನಾನು. ಬೆಳಗಿನಿಂದ ಸಂಜೆಯವರೆಗೆ ಮೈದಾನ ಬಿಟ್ಟು ಅಲುಗಾಡುವ ಹಾಗಿಲ್ಲ. ಅಲ್ಲಿದ್ದರೆ ಬಂದರಿಗೆ ಇಲ್ಲ, ಬಂದರಿಗೆ ಬಂದರೆ ರೇಸು ಇಲ್ಲ. ನೀವು ಈ ಸಾಲನ್ನು ಇನ್ನೊಂದು ಸಲ ಓದುತ್ತೀರಿ ಎಂದು ಗೊತ್ತು. ಓದಿ ಆಯಿತೇ? ಈಗ ಮೊದಲಿನಿಂದ ಹೇಳುತ್ತೇನೆ. ಇಂದೂ ತನ್ನ ಪತ್ರಗಳಲ್ಲಿ ಇದನ್ನು ಬರೆಯಬಾರದೆಂದು ನಾನೇ ತಡೆದಿದ್ದೆ. ನನ್ನ ಸುದ್ದಿ ನಾನೇ ಹೇಳಬೇಕೆಂಬ ಆಸೆ, ಹೇಳಲು ನಾಚಿಕೆ.

ನೀವು ಹೋಗುವ ಮುಂಚೆ ಪರ್ವತಿ ಗುಡ್ಡದ ಬುಡದಲ್ಲಿ ನನಗೆ ಸೈಕಲ್ ಕಲಿಸಿದಿರಲ್ಲ, ಅದು ಕಿರಾಣಿ, ಸೀಮೆಎಣ್ಣೆ ತರಲು ಮನೆಯಲ್ಲಿ ಯಾರಾದರೂ ಇರಲಿ ಎಂದು. ನೀವು ಹೋದ ಮೇಲೆ ನಾನು ಅದನ್ನು ಬಿಡಲಿಲ್ಲ. ಗಂಡಸರ ಸೈಕಲ್ಲಿಗೆ ನಡುವೆ ಅಡ್ಡ ಸರಳು ಇರುತ್ತದೆ, ಹೆಂಗಸು ಹೇಗೆ ಹತ್ತುತ್ತಾಳೆ ಎಂದು ರಂಗೂಬಾಯಿ ಕಾದು ನಿಂತು ನೋಡಿದರು. ಒಂಬತ್ತು ಗಜದ ಸೀರೆಗೆ ಕಚ್ಚೆ ಹಾಕಿದವಳಿಗೆ ಸರಳು ಏನು ಮಾಡುತ್ತದೆ? ಲಂಗದಂಥ ಪರಕಾರ ಉಟ್ಟ ಇಂದೂಗೆ ಆಗದ್ದು ನನಗೆ ಆಯಿತು. ರಂಗೂಬಾಯಿ ವಾಡೆಯ ನಲ್ಲಿಯ ಹತ್ತಿರ ಎಲ್ಲರಿಗೂ ಕೇಳುವ ಹಾಗೆ, “ಗಂಡ ಯುದ್ಧಕ್ಕ ಹೋದ, ಹೆಂಡತಿ ಕುದರಿ ಹತ್ತಿದ್ಲು, ಇನ್ನ ಖಡ್ಗ ಒಂದು ಬಾಕಿ ಅದ” ಎಂದರು. ಅತ್ತೆಯವರು ಅಲ್ಲಿಂದಲೇ, “ಖಡ್ಗಾನೂ ತರಸ್ತೇವಿ, ನಿಮ್ಮ ಮನೀ ಸೀಮೆಎಣ್ಣಿ ತರೋದದ ಏನ್ರೀ, ಅದನ್ನೂ ತಂದು ಕೊಡ್ತಾಳ” ಎಂದರು. ಅಂದಿನಿಂದ ಅವರ ಡಬ್ಬಿಯನ್ನೂ ನಾನೇ ತರುತ್ತೇನೆ. ಲಕ್ಷ್ಮೀ ರಸ್ತೆಯಲ್ಲಿ ಎತ್ತಿನ ಗಾಡಿಗಳ ಹಿಂದೆ ಸಿಕ್ಕಿಕೊಂಡಾಗ ಕಾಲು ಕೆಳಗಿಡದೆ ಇರುವೆಯ ಹಾಗೆ ಹೋಗುವುದನ್ನು ಕಲಿತೆ. ಕಾಲು ಕೆಳಗಿಟ್ಟರೆ ಮತ್ತೆ ಹತ್ತಬೇಕು, ಹತ್ತುವುದನ್ನು ಜನ ನೋಡುತ್ತಾರೆ. ಅದಕ್ಕಾಗಿಯೇ ಕಲಿತದ್ದು.

ಮೂಲೆಯ ಸೈಕಲ್ ಅಂಗಡಿಯ ಸಂಕಪ್ಪನವರು ನಿಮಗೆ ನೆನಪಿರಬೇಕು, ಗೋಕಾಕದ ಕಡೆಯವರು, ಪಂಪು ಹೊಡೆಯುತ್ತ ಲೋಕದ ಮೇಲೆಲ್ಲ ಸಿಟ್ಟು ಮಾಡುವವರು. ಅವರು ಪೇಟೆಯ ಹುಡುಗರನ್ನು ಕೂಡಿಸಿ ಒಂದು ಸೈಕಲ್ ಮಂಡಳ ಮಾಡಿದ್ದಾರೆ. ದಸರೆಯ ಮರುದಿನ ಅವರ ರೇಸು. ಹೆಂಗಸರ ರೇಸಿಗೆ ಇಬ್ಬರೇ ಹೆಸರು ಕೊಟ್ಟಿದ್ದರು, ಮೂವರಿಲ್ಲದಿದ್ದರೆ ರೇಸೇ ಇಲ್ಲ ಎಂದು ತೀರ್ಪು ಕೊಡುವ ಪಂಚರು ಹೇಳಿದರಂತೆ. ಸಂಕಪ್ಪನವರು ನೇರ ನಮ್ಮ ಮನೆಗೆ ಬಂದು ಮಾವನವರ ಎದುರು ನಿಂತರು. “ರಾಯರ, ನಿಮ್ಮ ಸೊಸಿ ಬರೇ ಲೆಕ್ಕಕ್ಕ ನಿಂತ್ರ ಸಾಕು, ಗೆಲ್ಲೂದು ಬ್ಯಾಡ” ಎಂದರು. ಗೆಲ್ಲುವುದು ಬೇಡ ಎಂದದ್ದರಿಂದ ಮಾವನವರು ಒಪ್ಪಿದರು ಎಂದು ನನಗೆ ಈಗಲೂ ಅನಿಸುತ್ತದೆ.

ಮೈದಾನದಲ್ಲಿ ಹುಲ್ಲಿನ ಮೇಲೆ ಸುಣ್ಣ ಹಾಕಿ ದೊಡ್ಡ ಸುತ್ತು ಗುರುತು ಮಾಡಿದ್ದರು. ಮೂರು ಸುತ್ತು ಹೋಗಬೇಕು. ನನ್ನ ಮುಂದೆ ಕುಸುಮತಾಯಿ ಎಂಬ, ಸಾಲೆಯಲ್ಲಿ ಕಲಿಸುವ ಬಾಯಿಯವರು ಇದ್ದರು, ವಯಸ್ಸಿನಲ್ಲಿ ನನಗಿಂತ ಭಾಳ ದೊಡ್ಡವರು, ಕನ್ನಡಕದವರು. ಇನ್ನೊಬ್ಬ ಹುಡುಗಿ ಮೊದಲ ತಿರುವಿನಲ್ಲೇ ಬಿದ್ದಳು. ಈಗ ನಾವಿಬ್ಬರೇ. ದಾರಿ ಇತ್ತು, ಕಾಲಿನಲ್ಲಿ ಬಲವೂ ಇತ್ತು. ಆದರೆ ಹಿರಿಯರನ್ನು ದಾಟಿ ಮುಂದೆ ಹೋಗುವುದು ಹೇಗೆ? ಮನೆಯಲ್ಲಿ ಅತ್ತೆಯವರ ಮುಂದೆ ನಡೆದವಳಲ್ಲ, ಗುಡಿಗೆ ಹೋಗುವಾಗ ನಿಮ್ಮ ಮುಂದೆ ನಡೆದವಳಲ್ಲ. ಅವರು ನಿಧಾನ ಮಾಡಿದರೆ ನಾನೂ ನಿಧಾನ ಮಾಡಿದೆ. ಸಂಕಪ್ಪನವರು ಸುಣ್ಣದ ಗೆರೆಯ ಹೊರಗೆ ಓಡುತ್ತ, “ಬಾಯಾರ! ಮದಿವಿ ಮೆರವಣಿಗಿ ಅಲ್ರಿ ಇದು!” ಎಂದು ಕೂಗಿದರು. ಜನ ನಕ್ಕರು. ಕೊನೆಯ ಸುತ್ತಿನಲ್ಲಿ ಕುಸುಮತಾಯಿಗೆ ದಣಿವಾಗಿ, ಬೆನ್ನಿಗೇ ಅಂಟಿಕೊಂಡ ನನ್ನ ಮೇಲೆ ಸಿಟ್ಟು ಬಂದು, ಹಿಂತಿರುಗಿ ಮರಾಠಿಯಲ್ಲಿ, ಹೋಗುವುದಿದ್ದರೆ ಮುಂದೆ ಹೋಗೇ ಒಮ್ಮೆ, ಎಂದು ಗದರಿದರು. ಅಷ್ಟೇ ಬೇಕಾಗಿತ್ತು ನನಗೆ. ಹಿರಿಯರು ಹೋಗು ಎಂದರು, ಹೋದೆ. ಗೆರೆ ದಾಟಿದಾಗ ಅವರು ಎಲ್ಲೋ ಹಿಂದೆ ಇದ್ದರು. ಲೆಕ್ಕಕ್ಕೆ ನಿಂತವಳು ಗೆದ್ದಳು ಎಂದು ಸಂಕಪ್ಪನವರು ಪೇಟೆಗೆಲ್ಲ ಸಾರಿದರು. ಬಹುಮಾನಕ್ಕೆ ಒಂದು ಹಿತ್ತಾಳೆಯ ತಂಬಿಗೆ. ಅತ್ತೆಯವರು ಅದನ್ನು ದೇವರ ನೀರಿಗೆ ಇಟ್ಟಿದ್ದಾರೆ. ನಾನು ಕುಸುಮತಾಯಿಯ ಕಾಲು ಮುಟ್ಟಿ ನಮಸ್ಕಾರ ಮಾಡಲು ಹೋದರೆ ಅವರಿಗೆ ಸಿಟ್ಟು ಇಳಿದು ನಗು ಬಂತು.

ಆ ರೇಸು ನೋಡಲು ದಂಡಿನ ಆಸ್ಪತ್ರೆಯ ಒಬ್ಬ ನರ್ಸು ಬಂದಿದ್ದಳು. ಹೆಸರು ನೆಸ್ಟಾ ಪ್ರೈಸ್, ವಯಸ್ಸು ಇಪ್ಪತ್ತಾರು, ತಾಮ್ರದ ಬಣ್ಣದ ಕೂದಲು. ಆಮೇಲೆ ನಮ್ಮ ಮನೆಗೆ ಬಂದಾಗ ಮಾವನವರು ಅವಳನ್ನು ಇಂಗ್ಲಿಷ್ ಹುಡುಗಿ ಎಂದು ಕರೆದರೆ ಅವಳು ತಲೆ ಕೊಡವಿ, ಇಂಗ್ಲಿಷ್ ಅಲ್ಲ, ವೇಲ್ಸಿನವಳು ಎಂದಳು. ಅದು ಇಂಗ್ಲೆಂಡಿಗೆ ಅಂಟಿಕೊಂಡ ಬೇರೆ ನಾಡು, ಬೇರೆ ಮಾತು. ಅವಳ ತಾಯಿಗೆ ಇಂಗ್ಲಿಷ್ ಬರುವುದಿಲ್ಲವಂತೆ; ಇವಳೂ ಮನೆಯಲ್ಲಿ ತಮ್ಮ ಮಾತು, ಹೊರಗೆ ಇಂಗ್ಲಿಷ್ ಎಂದು ಬೆಳೆದವಳು. ಇದನ್ನು ಇಂದೂ ತಿಳಿಸಿ ಹೇಳಿದಾಗ ಮಾವನವರಿಗೆ ಎಷ್ಟು ಖುಷಿ! “ಹಂಗಾರ ಈಕಿ ನಮ್ಮಂಥಾಕಿನ ಅದಾಳ. ನಾವು ಒಳಗ ಕನ್ನಡ, ಹೊರಗ ಮರಾಠಿ. ಮ್ಯಾಲೆ ನಮಗ ಎಲ್ಲಾರೂ ಮದ್ರಾಸಿ ಅಂತಾರ, ಈಕಿಗೆ ಇಂಗ್ಲಿಷ್ ಅಂತಾರ” ಎಂದು ತಾವೇ ಒಳಗೆ ಹೋಗಿ ಚಹಾಕ್ಕೆ ಹೇಳಿದರು.

ಅವಳ ಕಥೆ ಕೇಳಿದರೆ ನಿಮಗೂ ಆಶ್ಚರ್ಯವಾಗುತ್ತದೆ. ಅವಳ ತಂದೆ ಕಲ್ಲಿದ್ದಲು ಗಣಿಯಲ್ಲಿ ಕೆಲಸ ಮಾಡುವವರು. ಗಣಿಯ ಪಕ್ಕ ಇದ್ದಲಿನ ಬೂದಿ ಹಾಸಿ ಮಾಡಿದ ಸೈಕಲ್ಲಿನ ಸುತ್ತು ಇತ್ತು, ಅಲ್ಲಿ ಶನಿವಾರ ಗಂಡಸರ ರೇಸು. ಗಂಡಸರು ಚಹಾ ಕುಡಿಯುವಾಗ ಜನ ಎದ್ದು ಹೋಗದಿರಲಿ ಎಂದು ನಡುವೆ ಹೆಂಗಸರನ್ನು ಬಿಡುತ್ತಿದ್ದರಂತೆ. ಹದಿನೈದನೇ ವಯಸ್ಸಿಗೆ ಇವಳು ಅಣ್ಣನ ಸೈಕಲ್ ತೆಗೆದುಕೊಂಡು ಇಳಿದಳು. ಸೀಟು ಎತ್ತರವಾಗಿ ಕಾಲು ಪೂರ್ತಿ ಎಟುಕುತ್ತಿರಲಿಲ್ಲ, ಆದರೂ ಗೆದ್ದಳು. ಮುಂದಿನ ವಾರವೂ ಗೆದ್ದಳು. ಒಮ್ಮೆ ಚಹಾದ ಕಿಟಲಿ, ಒಮ್ಮೆ ಮೇಜಿನ ಹಾಸು, ಒಮ್ಮೆ ಒಂದು ಜೊತೆ ಕಾಲುಚೀಲ ಬಹುಮಾನ. ಕೊನೆಕೊನೆಗೆ ಚಹಾ ಕುಡಿಯುವವರು ಬಟ್ಟಲು ಹಿಡಿದುಕೊಂಡೇ ಹೊರಗೆ ಬಂದು ನಿಲ್ಲುತ್ತಿದ್ದರು ಎಂದು ಹೇಳುವಾಗ ಅವಳ ಮುಖ ನೋಡಬೇಕಿತ್ತು. ಅಷ್ಟರಲ್ಲಿ ಯುದ್ಧ ಬಂತು. ಆ ಸುತ್ತನ್ನು ಅಗೆದು ಆಲೂಗಡ್ಡೆ ಹಾಕಿದರು. ಇವಳು ನರ್ಸು ಕೆಲಸ ಕಲಿತು ಇಲ್ಲಿಗೆ ಬಂದಳು. ದಂಡಿನಲ್ಲಿ ಹೆಂಗಸರ ರೇಸು ಆದಾಗಲೆಲ್ಲ ಇವಳೇ ಗೆದ್ದು, ಈಗ ಇವಳ ಜೊತೆ ಯಾರೂ ಇಳಿಯುವುದಿಲ್ಲ. ಅದಕ್ಕೇ ನನ್ನನ್ನು ಹುಡುಕಿಕೊಂಡು ಬಂದದ್ದು. ನೀನು ಹಿಂದೆ ಕೂತು ಕಾಯುವುದನ್ನು ಎಲ್ಲಿ ಕಲಿತೆ ಎಂದು ಕೇಳಿದಳು. ಮನೆಯಲ್ಲಿ ಎಂದೆ. ಇಂದೂ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವಳಿಗೆ ತಿಳಿಯಲಿಲ್ಲ, ನಿಮ್ಮ ಮನೆಯಲ್ಲಿ ಯಾರು ಯಾರು ರೇಸಿಗೆ ಹೋಗುತ್ತಾರೆ ಎಂದು ಮತ್ತೆ ಕೇಳಿದಳು.

ಇಬ್ಬರೇ ಓಡಿಸುವ ಈ ಚಿಕ್ಕ ರೇಸಿನ ಮರ್ಮ ಏನೆಂದರೆ, ಮುಂದೆ ಹೋದವರಿಗೆ ಗಾಳಿ ಎದುರು. ಹಿಂದಿದ್ದವರು ಅವರ ನೆರಳಿನಲ್ಲಿ ಬಲ ಉಳಿಸಿಕೊಂಡು ಕೊನೆಯ ತಿರುವಿನಲ್ಲಿ ಒಮ್ಮೆಲೇ ದಾಟುತ್ತಾರೆ. ಅದಕ್ಕೆ ಇಬ್ಬರೂ ಮೊದಲು ನಿಧಾನ ಹೋಗುತ್ತಾರೆ, ಇನ್ನೊಬ್ಬರು ಮುಂದಾಗಲಿ ಎಂದು ಕಾಯುತ್ತಾರೆ. ದೀಪಾವಳಿ ಆದ ಮೇಲೆ ನೆಸ್ಟಾಗೂ ನನಗೂ ಮೊದಲ ರೇಸು ಆದಾಗ ನನಗೆ ಇದೇನೂ ತಿಳಿದಿರಲಿಲ್ಲ. ಅವಳು ನಿಧಾನ ಮಾಡಿದಳು. ಪರವೂರಿನಿಂದ ಬಂದವಳು, ಅತಿಥಿ, ಮೊದಲು ಹೋಗಲಿ ಎಂದು ನಾನೂ ನಿಧಾನ ಮಾಡಿದೆ. ಅವಳು ಇನ್ನೂ ನಿಧಾನ. ನಾನು ಇನ್ನೂ ನಿಧಾನ. ಕೊನೆಗೆ ಇಬ್ಬರೂ ನಿಂತೇ ಬಿಟ್ಟೆವು. ಸೈಕಲ್ಲಿನ ಮೇಲೆ, ಕಾಲು ಕೆಳಗಿಡದೆ, ಸ್ವಲ್ಪ ಅತ್ತ ಸ್ವಲ್ಪ ಇತ್ತ ಹ್ಯಾಂಡಲ್ ತಿರುಗಿಸುತ್ತ. ಎತ್ತಿನ ಗಾಡಿಯ ಹಿಂದೆ ಕಲಿತ ವಿದ್ಯೆ. ನಾನು ಕೈಯಿಂದ, ನೀವು ಮೊದಲು ಹೋಗಿ ಎಂದು ಸನ್ನೆ ಮಾಡಿದೆ. ಅವಳೂ ನಕ್ಕು ಅದೇ ಸನ್ನೆ ಮಾಡಿದಳು. ಜನಕ್ಕೆ ನಾವು ಜಗಳವಾಡಿ ನಿಂತಿದ್ದೇವೆ ಎಂದು ಅನಿಸಿತು. ಮಾವನವರು ಕುರ್ಚಿಯಿಂದ ಎದ್ದು, “ಅಂಬಾ, ಏನಾತು? ಚೈನ್ ಬಿತ್ತೇನು?” ಎಂದು ಕೂಗಿದರು. ಸಂಕಪ್ಪನವರು ಟೊಪ್ಪಿಗೆ ತೆಗೆದು ನೆಲಕ್ಕೆ ಹೊಡೆದರು. ಕಡೆಗೆ ನೆಸ್ಟಾನೇ ಹೊರಟಳು. ನಾನು ಅವಳ ಹಿಂದೆ ಗಾಳಿಯಿಲ್ಲದ ಜಾಗದಲ್ಲಿ ಹಾಯಾಗಿ ಹೋದೆ. ಕೊನೆಯ ತಿರುವಿನಲ್ಲಿ ಅವಳ ಪಕ್ಕ ದಾರಿ ತೆರೆಯಿತು. ಅವಳು ಹಿಂತಿರುಗಿ ನೋಡುತ್ತಾಳೆ, ಏನಾದರೂ ಅನ್ನುತ್ತಾಳೆ ಎಂದು ಕಾದೆ. ಅವಳು ಏನೂ ಅನ್ನಲಿಲ್ಲ. ಸೋತೆ.

ಆ ಮೇಲೆ ಅವಳು ಹುಲ್ಲಿನ ಮೇಲೆ ನನ್ನ ಪಕ್ಕ ಕೂತು ಇಂದೂಳ ಕಡೆ ನೋಡುತ್ತ ಹೇಳಿದಳು, ಹಿಂದೆ ಇರುವುದನ್ನು ನಾನು ನಾಲ್ಕು ವರ್ಷ ಕಲಿತೆ, ಇವಳಿಗೆ ಅದು ಹುಟ್ಟಿನಿಂದಲೇ ಬರುತ್ತದೆ. ಆದರೆ ಕೊನೆಯಲ್ಲಿ ಇವಳು ಯಾರ ಅಪ್ಪಣೆಗೆ ಕಾಯುತ್ತಾಳೆ? ಇಂದೂ ಇದನ್ನು ಕನ್ನಡದಲ್ಲಿ ಹೇಳುವಾಗ ನನ್ನ ಮುಖ ನೋಡಲಿಲ್ಲ, ಹುಲ್ಲು ಕೀಳುತ್ತ ಹೇಳಿದಳು. ಮನೆಗೆ ಬಂದು ಅನ್ನಕ್ಕೆ ಇಟ್ಟೆ. ಅಕ್ಕಿ ತೊಳೆಯುವಾಗ ಸಿಟ್ಟು ಬಂತು. ಅವಳ ಮೇಲಲ್ಲ. ಯಾರ ಮೇಲೆ ಎಂದು ಈಗಲೂ ಹೇಳಲಾರೆ.

ಅಲ್ಲಿಂದ ಮೊನ್ನೆ ಭಾನುವಾರದವರೆಗೆ ದಿನಾ ಬೆಳಿಗ್ಗೆ ಅಭ್ಯಾಸ. ನೆಸ್ಟಾ ತನ್ನ ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರ ಬರುತ್ತಿದ್ದಳು. ತನ್ನನ್ನೇ ಸೋಲಿಸಲು ನನಗೆ ಕಲಿಸುವುದು ಯಾಕೆ ಎಂದು ಕೇಳಿದರೆ, ಒಬ್ಬಳೇ ಗೆದ್ದು ಗೆದ್ದು ಬೇಸರವಾಗಿದೆ ಎಂದಳು. ಮುಂಬಯಿಗೆ ಒಬ್ಬರನ್ನೇ ಕಳಿಸುವುದು, ಭಾನುವಾರ ಗೆದ್ದವರು ಹೋಗುವುದು ಎಂದು ಪಂಚರು ನಿರ್ಧರಿಸಿದ್ದರು. ಸೈಕಲ್ಲಿನ ವಿಷಯದಲ್ಲಿ ಯಾರೂ ಮಾತಾಡಬಾರದೆಂದು ಸಂಕಪ್ಪನವರು ಒಂದೇ ತರಹದ ಎರಡು ಸೈಕಲ್ ಕಟ್ಟಿದರು. ಮಡ್‌ಗಾರ್ಡು ಇಲ್ಲ, ಸ್ಟ್ಯಾಂಡು ಇಲ್ಲ, ಕ್ಯಾರಿಯರು ಇಲ್ಲ. ನೋಡಿದರೆ ಮೈಮೇಲೆ ಬಟ್ಟೆ ಇಲ್ಲದವರ ಹಾಗೆ ನನಗೇ ನಾಚಿಕೆಯಾಯಿತು. ಗಂಟೆಯೂ ಇರಲಿಲ್ಲ. ಗಂಟೆ ಇಲ್ಲದೆ ಮುಂದಿನವರಿಗೆ ಸರಿಯಿರಿ ಎಂದು ಹೇಗೆ ಹೇಳಲಿ ಎಂದು ಕೇಳಿದೆ. ಸಂಕಪ್ಪನವರು ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು ನನ್ನನ್ನೇ ನೋಡಿದರು. “ಹೇಳಬ್ಯಾಡ್ರಿ ಬಾಯಾರ. ಹೋಗ್ರಿ” ಎಂದರು. ಅತ್ತೆಯವರು ಭಾನುವಾರ ಬೆಳಿಗ್ಗೆ ತಾವೇ ನನ್ನ ಕಚ್ಚೆ ಕಟ್ಟಿದರು. ನಾನು ಕಟ್ಟಿಕೊಂಡದ್ದು ಸಡಿಲ, ಚೈನಿಗೆ ಸಿಗುತ್ತದೆ ಎಂದು. ತಮ್ಮ ಅಜ್ಜಿ ಹೊಲಕ್ಕೆ ಕುದುರೆಯ ಮೇಲೆ ಹೋಗುತ್ತಿದ್ದಾಗ ಹೀಗೆ ಮೊಣಕಾಲಿನ ಮೇಲೆ ಎಳೆದು ಕಟ್ಟುತ್ತಿದ್ದರಂತೆ. ನಾನು ಮದುವೆಯಾಗಿ ಬಂದು ನಾಲ್ಕು ವರ್ಷವಾಯಿತು, ಆ ಅಜ್ಜಿಯ ಕುದುರೆಯ ಸುದ್ದಿ ಅವರ ಬಾಯಿಂದ ಬಂದದ್ದು ಅಂದೇ. ಗಂಟು ಬಿಗಿಯುತ್ತ, “ಗೆದ್ದಿ ಅಂದ್ರ ಹದಿನೈದನೇ ತಾರೀಕಿನ ತಕರಾರು ಬರ್ತದ. ಸೋತಿ ಅಂದ್ರ ಏನೂ ಇಲ್ಲ. ಆದ್ರೂ ಸೋಲಬ್ಯಾಡ” ಎಂದರು. ಇದರ ಅರ್ಥ ಅವರಿಗೇ ಗೊತ್ತಿತ್ತೋ ಇಲ್ಲವೋ.

ಭಾನುವಾರ ಯಾರು ಮುಂದೆ ಹೊರಡಬೇಕೆಂದು ಚೀಟಿ ಎತ್ತಿದಾಗ ನೆಸ್ಟಾ ಮುಂದೆ, ನಾನು ಹಿಂದೆ. ಎರಡು ಸುತ್ತು ಇಬ್ಬರೂ ಮಾತಾಡುತ್ತ ಹೋಗುವವರ ಹಾಗೆ ಹೋದೆವು. ಅವಳು ಹೆಗಲ ಮೇಲಿಂದ ನನ್ನನ್ನು ನೋಡುತ್ತಲೇ ಇದ್ದಳು. ಕೊನೆಯ ಸುತ್ತಿನಲ್ಲಿ ಅವಳು ಸೀಟಿನಿಂದ ಎದ್ದಳು. ನಾನೂ ಎದ್ದೆ. ಅವಳ ಬೆನ್ನು ಬಿಟ್ಟರೆ ನನಗೆ ಬೇರೆ ಏನೂ ಕಾಣಲಿಲ್ಲ, ಗಾಳಿಯ ಸದ್ದೂ ಇರಲಿಲ್ಲ. ತಿರುವಿನಲ್ಲಿ ಅವಳ ಚಕ್ರ ಒಳಬದಿಗೆ ಸರಿಯಿತು, ಹೊರಬದಿಗೆ ದಾರಿ ತೆರೆಯಿತು. ಯಾರೂ ಹೋಗು ಎನ್ನಲಿಲ್ಲ. ಹೋದೆ. ಅವಳ ಮೊಣಕೈಯ ಪಕ್ಕ, ಅವಳ ಮುಂದಿನ ಚಕ್ರದ ಪಕ್ಕ, ಆಮೇಲೆ ಗಾಳಿ ಒಮ್ಮೆಲೇ ಮುಖಕ್ಕೆ ಹೊಡೆಯಿತು. ನನ್ನ ಎದುರು ಯಾರೂ ಇರಲಿಲ್ಲ. ಹಾಗೆ ಯಾರೂ ಇಲ್ಲದ ದಾರಿಯನ್ನು ನಾನು ನೋಡಿದ್ದು ಅದೇ ಮೊದಲು. ಸುಣ್ಣದ ಗೆರೆ ಬಂದು ಹೋಯಿತು. ನಾನು ನಿಲ್ಲಿಸಲಿಲ್ಲ, ಇನ್ನೊಂದು ಸುತ್ತು ಹೋದೆ. “ಸಾಕ್ರಿ ಬಾಯಾರ, ಮುಗೀತು, ಗೆದ್ರಿ!” ಎಂದು ಸಂಕಪ್ಪನವರು ಅಡ್ಡ ಬಂದರು. ಮುಗಿದದ್ದು ನನಗೂ ಗೊತ್ತಿತ್ತು. ಸುಮ್ಮನೆ ಹೋದೆ.

ನೆಸ್ಟಾ ಸೈಕಲ್ ಹುಲ್ಲಿನ ಮೇಲೆ ಹಾಗೇ ಬಿಟ್ಟು ಓಡಿ ಬಂದು ನನ್ನನ್ನು ಅಷ್ಟು ಜನರ ನಡುವೆ ತಬ್ಬಿಕೊಂಡಳು, ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಇಂದೂಗೂ ಅದು ತಿಳಿಯಲಿಲ್ಲ. ಕಣ್ಣಲ್ಲಿ ನೀರಿತ್ತು, ಸೋತದ್ದಕ್ಕೋ ಗೆಲ್ಲಿಸಿದ್ದಕ್ಕೋ, ಎರಡಕ್ಕೂ ಇದ್ದೀತು. ಟಾಂಗಾದಲ್ಲಿ ಮನೆಗೆ ಬರುವಾಗ ಮಾವನವರು ಟಾಂಗಾ ಹೊಡೆಯುವವನಿಗೆ, ಅವನು ಕೇಳದಿದ್ದರೂ, ಇವಳು ನಮ್ಮ ಸೊಸೆ ಎಂದು ಮರಾಠಿಯಲ್ಲಿ ಹೇಳಿದರು. ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು ಸಲ ಹೇಳಿದರು. ಅವನು, ಆಗಲೇ ಹೇಳಿದಿರಲ್ಲ ಸಾಹೇಬ್ರೆ, ಎಂದ. ರಂಗೂಬಾಯಿ ವಾಡೆಯ ಬಾಗಿಲಲ್ಲಿ ನಿಂತಿದ್ದರು. ದೃಷ್ಟಿ ತೆಗೆದು, “ನಾ ಅವತ್ತ ಹೇಳಿದ್ದಿಲ್ಲೇನು, ಕುದರಿ ಅಂತ?” ಎಂದು ಎಲ್ಲವನ್ನೂ ತಮ್ಮದೇ ಮಾಡಿಕೊಂಡರು.

ಈಗ ಕೇಳುವ ಮಾತು. ಅತ್ತೆಯವರು ಹೇಳುವುದು ಒಂದೇ: “ಗಂಡ ಸಮುದ್ರ ದಾಟಿ ಬರ್ಲಿಕ್ಕತ್ತಾನ. ಹಡಗದಿಂದ ಇಳದ ಕೂಡ್ಲೆ ಅವಾ ಮದಲ ಹೆಂಡತಿ ಮಾರಿ ನೋಡ್ಬೇಕು. ಆರತಿ ನಾ ಹಿಡಿದ್ರ ಅದು ಬ್ಯಾರೆ, ನೀ ಹಿಡಿದ್ರ ಬ್ಯಾರೆ.” ಅವರು ಹೇಳುವುದು ಸುಳ್ಳಲ್ಲ. ಎರಡೂವರೆ ವರ್ಷದಲ್ಲಿ ನಾನು ಆ ಬಂದರನ್ನು ನೋಡದಿದ್ದರೂ ಎಷ್ಟು ಸಲ ಅಲ್ಲಿಗೆ ಹೋಗಿ ಬಂದಿದ್ದೇನೋ. ನೀವು ಯಾವ ಅಂಗಿ ತೊಟ್ಟಿರುತ್ತೀರಿ, ಸೊರಗಿರುತ್ತೀರೋ ಇಲ್ಲವೋ, ನನ್ನನ್ನು ನೋಡಿ ಮೊದಲು ನಗುತ್ತೀರೋ ಸುಮ್ಮನೆ ನಿಲ್ಲುತ್ತೀರೋ, ಎಲ್ಲ ಎಣಿಸಿದ್ದೇನೆ. ಮಾವನವರು, “ಅವನಿಗೆ ಬರಿ. ಅವಾ ಹೂಂ ಅಂದ್ರ ಹೂಂ, ಊಹೂಂ ಅಂದ್ರ ಊಹೂಂ. ನಡುವ ನಾ ಬರಂಗಿಲ್ಲ” ಎಂದಿದ್ದಾರೆ. ಹೆಸರು ಕೊಡಲು ತಿಂಗಳ ಕೊನೆಯವರೆಗೆ ಸಮಯವಿದೆ ಎಂದು ಸಂಕಪ್ಪನವರು ಹೇಳಿದ್ದಾರೆ. ಪತ್ರ ಬರೆದರೆ ಅಷ್ಟರಲ್ಲಿ ಬಾರದು. ಆದ್ದರಿಂದ ಇದು ತಲುಪಿದ ಕೂಡಲೇ ಹೌದೋ ಅಲ್ಲವೋ ಎಂದು ಒಂದು ತಂತಿ ಕಳಿಸಿ. ಅಲ್ಲ ಎಂದರೆ ನೆಸ್ಟಾ ಹೋಗುತ್ತಾಳೆ, ಅವಳೂ ನನ್ನಷ್ಟೇ ತಕ್ಕವಳು, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಳ್ಳುವುದಿಲ್ಲ ಎಂದು ಬರೆದೆ; ಅಳಿಸುವುದಿಲ್ಲ, ಆದರೆ ಅದು ಪೂರ್ತಿ ನಿಜವಲ್ಲ.

ರಾತ್ರಿ ಹೊದೆದು ಮಲಗಿ. ಹಡಗಿನಲ್ಲಿ ಹೊಟ್ಟೆ ತೊಳಸಿದರೆ ನಿಂಬೆಹಣ್ಣು ಮೂಸಬೇಕಂತೆ, ಮಾವನವರು ಹೇಳಿದರು. ಅತ್ತೆಯವರದೂ ಮಾವನವರದೂ ತುಂಬು ಆಶೀರ್ವಾದ, ಇಂದೂಳ ನಮಸ್ಕಾರ. ಬಸ್ರಾದಿಂದ ಅವಳಿಗೆ ಏನಾದರೂ ತರಲೇಬೇಕಂತೆ, ಏನೆಂದು ಅವಳಿಗೂ ಗೊತ್ತಿಲ್ಲ. ನೀವು ಹೋದಾಗ ಇದ್ದಷ್ಟೇ ಗಟ್ಟಿಮುಟ್ಟಾಗಿ ತಿರುಗಿ ಬನ್ನಿ ಎಂದು ದೇವರಲ್ಲಿ ಬೇಡುತ್ತೇನೆ.

ನಿಮ್ಮ
ಅಂಬಾ

ತಾ. ಕ.: ಲಕೋಟೆ ಅಂಟಿಸುವ ಮುಂಚೆ ಸಂಕಪ್ಪನವರು ಓಡಿ ಬಂದರು. ಹೆಸರು ಇವತ್ತೇ ಸಂಜೆಯ ಗಾಡಿಗೆ ಮುಂಬಯಿಗೆ ಹೋಗಬೇಕಂತೆ, ತಿಂಗಳ ಕೊನೆ ಎಂದದ್ದು ಅವರ ತಪ್ಪು. ಬಾಗಿಲಲ್ಲೇ ನಿಂತು, “ಯಾರ ಹೆಸರ ಬರೀಲ್ರಿ?” ಎಂದು ಮಾವನವರನ್ನು ಕೇಳಿದರು. ಮಾವನವರು ಅತ್ತೆಯವರ ಕಡೆ ನೋಡಿದರು, ಅತ್ತೆಯವರು ಮಾವನವರ ಕಡೆ. ನಾನು ಒಳಗಿನಿಂದ, “ನಂದು ಬರೀರಿ” ಎಂದೆ. ಇಷ್ಟು ಜೋರಾಗಿ ನಾನು ಈ ಮನೆಯಲ್ಲಿ ಯಾವತ್ತೂ ಮಾತಾಡಿಲ್ಲ. ಅತ್ತೆಯವರು ಸೆರಗು ಸೊಂಟಕ್ಕೆ ಸಿಕ್ಕಿಸಿ, “ಆತು. ಬಂದರಕ್ಕ ನಾ ಹೋಗ್ತೀನಿ, ಮಗ ನನ್ನವ. ನೀ ನಿನ್ನ ಕೆಲಸಾ ನೋಡು” ಎಂದರು. ಆದ್ದರಿಂದ ತಂತಿ ಕಳಿಸಬೇಡಿ. ಬಂದರಿನಲ್ಲಿ ನನ್ನನ್ನು ಹುಡುಕಲೂಬೇಡಿ. ಹೆಂಗಸರ ಕೊನೆಯ ರೇಸು ಸಂಜೆ ನಾಲ್ಕಕ್ಕೆ. ಇಳಿದ ಕೂಡಲೇ, ಅತ್ತೆಯವರ ಜೊತೆ ಬಂದಿರುವ ಮಾವನವರ ಕೈಗೆ ಪೆಟ್ಟಿಗೆ ಕೊಟ್ಟು, ಸಿಕ್ಕ ಟಾಂಗಾ ಹಿಡಿದು ಅವರು ಹೇಳುವ ಮೈದಾನಕ್ಕೆ ಬನ್ನಿ. ನಿಮ್ಮನ್ನು ನೋಡುವ ಅವಸರ ನನಗೂ ಅಷ್ಟೇ ಇದೆ, ಆದರೆ ಅಂದು ನೀವೇ ನಾನಿದ್ದಲ್ಲಿಗೆ ಬರಬೇಕು.